ಹುಬ್ಬಣ್ಣನ ಬೆನ್ನು

ದೊಡ್ಡಮ್ಮ ಹುಬ್ಬಣ್ಣನನ್ನು ಮೊದಲು ಕಂಡ ದಿನ ಅವನು ಮೇಜಿನ ಅಡಿಯಲ್ಲಿದ್ದ. ಟೀವಿಯ ವೈರು ಹುಡುಕುತ್ತ ಒಳಗೆ ನುಗ್ಗಿದ್ದವನ ಎರಡು ಪಾದ ಮಾತ್ರ ಹೊರಗಿದ್ದವು.

"ಯಾರೋ ಬಂದ ಹಾಗಾಯ್ತು. ಕೂತ್ಕೊಳ್ಳಿ, ಕೂತ್ಕೊಳ್ಳಿ. ತಲೆ ಆಮೇಲೆ ಬರುತ್ತೆ" ಎಂದಿತು ಮೇಜು.

ದೊಡ್ಡಮ್ಮ ನಕ್ಕುಬಿಟ್ಟರು. ಗಂಡ ತೀರಿಕೊಂಡ ಮೇಲೆ ಹೊರಗಿನವರ ಮುಂದೆ ಅವರು ಬಾಯಿ ತುಂಬ ನಕ್ಕದ್ದು ಅದೇ ಮೊದಲು. ಆಮೇಲೆ ತಲೆ ಬಂತು. ತಲೆಗಿಂತ ಮುಂಚೆ ಹುಬ್ಬು ಬಂತು ಅನ್ನಬೇಕು. ಎರಡು ದಪ್ಪ ಕಂಬಳಿಹುಳು ಹಣೆಯ ಮೇಲೆ ಮಲಗಿದ ಹಾಗೆ ಹುಬ್ಬು. ದೊಡ್ಡಮ್ಮನನ್ನು ಕಂಡ ಕೂಡಲೇ ಅವೆರಡೂ ಎದ್ದು ನಿಂತು ನಮಸ್ಕಾರ ಮಾಡಿದವು.

ದೊಡ್ಡಮ್ಮನನ್ನು ಅಲ್ಲಿಗೆ ಕರೆತಂದವಳು ಪಕ್ಕದ ಮನೆಯ ಟೈಲರಮ್ಮ. ವಿಶ್ವವಿದ್ಯಾಲಯದ ಗ್ರಂಥಾಲಯದ ಹಿಂದುಗಡೆಯ ಕಟ್ಟಡ ಅದು. ಬಾಗಿಲ ಮೇಲೆ ಉದ್ದನೆಯ ಬೋರ್ಡು. ದೊಡ್ಡಮ್ಮ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವವರು. 'ಜಾಗತಿಕ ಮಾಧ್ಯಮ' ಮುಗಿಸಿ, 'ಸಾರ್ವಜನಿಕ ನೀತಿ' ದಾಟಿ, 'ಅಧ್ಯಯನ ಕೇಂದ್ರ'ಕ್ಕೆ ಬರುವಷ್ಟರಲ್ಲಿ ಮೊದಲಿನದು ಮರೆತುಹೋಗಿರುತ್ತಿತ್ತು. ಒಳಗಿನ ಕೆಲಸ ಮಾತ್ರ ಬೋರ್ಡಿನಷ್ಟು ಕಷ್ಟದ್ದಲ್ಲ. ದೇಶವಿದೇಶದ ಸುದ್ದಿ, ಸರ್ಕಾರದ ಪ್ರಕಟಣೆ ಟೀವಿಯಲ್ಲಿ ಬಂದಾಗ ಜನಕ್ಕೆ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂದು ನೋಡುವುದು. ಮೇಲಿನ ಮಹಡಿಯಲ್ಲಿ ಓದಿದವರು ಕೂತು ಬರೆಯುತ್ತಿದ್ದರು. ಕೆಳಗೆ ನೋಡುವ ಕೋಣೆ. ಬಂದವರಿಗೆ ಇದು ಆಫೀಸು ಅನ್ನುವುದು ಮರೆಯಲಿ ಎಂದು ಅದನ್ನು ಮನೆಯ ಹಜಾರದ ಹಾಗೆ ಮಾಡಿದ್ದರು. ಸೋಫಾ, ಹೂವಿನ ಪರದೆ, ಮೂಲೆಯಲ್ಲಿ ಕುಂಡ. ಒಂದು ಗೋಡೆಗೆ ಗಾಜು. ಅದರಾಚೆ ನಿಂತು ಮೇಲಿನವರು ನೋಡುವವರ ಮುಖ ನೋಡುತ್ತಿದ್ದರು.

ಹುಬ್ಬಣ್ಣ ಆ ಕೋಣೆಯ ಪ್ರಶ್ನೆಗಾರ. ಶುರುವಿನಲ್ಲಿ ಅವನನ್ನು ಪತ್ರಿಕೆಯ ತುಂಡು ಕತ್ತರಿಸಿ ಅಂಟಿಸುವ ಕೆಲಸಕ್ಕೆ ಇಟ್ಟುಕೊಂಡಿದ್ದರಂತೆ. ಪಕ್ಕದವರ ಜೊತೆ ಮಾತಾಡಿ ಮಾತಾಡಿ ಡಬ್ಬಿಯ ಅಂಟೆಲ್ಲ ಒಣಗಿಹೋಗುತ್ತಿತ್ತು. "ಇವನನ್ನ ಮಾತಿನ ಕೆಲಸಕ್ಕೇ ಹಾಕಿ, ಅಂಟಾದ್ರೂ ಉಳೀಲಿ" ಎಂದು ಆಗಿನ ನಿರ್ದೇಶಕರು ಅವನನ್ನು ಈ ಕೋಣೆಗೆ ಕಳಿಸಿದರು. ಅಂದಿನಿಂದ ಅವನ ಕುರ್ಚಿ ಗಾಜಿಗೆ ಬೆನ್ನು ಮಾಡಿ, ಸೋಫಾಕ್ಕೆ ಮುಖ ಮಾಡಿ ಕೂತಿತ್ತು.

ಅಲ್ಲಿನ ಕ್ರಮ ಇಷ್ಟು. ಟೀವಿಯಲ್ಲಿ ಪ್ರಕಟಣೆ ಬರುತ್ತದೆ. ಅದು ಮುಗಿದ ಮೇಲೆ ಹುಬ್ಬಣ್ಣ ಮೂರು ಚಿತ್ರದ ಕಾರ್ಡು ಹರಡಿ, "ಟೀವಿಯವರು ಹೇಳಿದ್ದು ಇದರಲ್ಲಿ ಯಾವುದು?" ಎಂದು ಕೇಳುತ್ತಾನೆ. ನೋಡಿದವರು ಬೆರಳಿಡಬೇಕು. ಕೇಳುವವನ ಮುಖ ಮಾತ್ರ ಗೋಡೆಯ ಹಾಗಿರಬೇಕು. ನಗಬಾರದು, ಗಂಟಿಕ್ಕಬಾರದು, ಇಲ್ಲದಿದ್ದರೆ ಉತ್ತರ ಕೆಟ್ಟುಹೋಗುತ್ತದೆ. ಹುಬ್ಬಣ್ಣ ತನ್ನ ಮುಖ ಗೋಡೆಯ ಹಾಗೇ ಇದೆ ಎಂದು ನಂಬಿದ್ದ. ಹುಬ್ಬಿಗೆ ಈ ವಿಷಯ ಯಾರೂ ತಿಳಿಸಿರಲಿಲ್ಲ. ತಪ್ಪು ಕಾರ್ಡಿನ ಹತ್ತಿರ ಬೆರಳು ಹೋದರೆ ಅವು ಕೆಳಗಿಳಿದು ಕಣ್ಣು ಮುಚ್ಚುತ್ತಿದ್ದವು, ಸರಿಯಾದದ್ದರ ಹತ್ತಿರ ಬಂದರೆ ಹಣೆ ಹತ್ತಿ ಕುಣಿಯುತ್ತಿದ್ದವು. ದೊಡ್ಡಮ್ಮ, ಟೈಲರಮ್ಮ, ಸೋಫಾದ ತುದಿಯಲ್ಲಿ ಕೂರುವ ಬಸ್ ಡ್ರೈವರು, ಎಲ್ಲರೂ ಟೀವಿಯನ್ನು ಅರ್ಧ ನೋಡಿ ಹುಬ್ಬನ್ನು ಪೂರ್ತಿ ನೋಡುತ್ತಿದ್ದರು. ಟೀ ಬಿಸ್ಕತ್ತು ಕೊಡುವ ಹಾಗೆ ಇದೂ ಅಲ್ಲಿನ ಒಂದು ಉಪಚಾರ ಎಂದೇ ಅವರೆಲ್ಲ ತಿಳಿದಿದ್ದರು.

ಹೀಗಾಗಿ ಆ ಕೋಣೆಯಲ್ಲಿ ತಪ್ಪು ಉತ್ತರವೇ ಬರುತ್ತಿರಲಿಲ್ಲ. ಈಗಿನ ನಿರ್ದೇಶಕರು ಉಬ್ಬಿಹೋಗಿದ್ದರು. ನಮ್ಮ ಜನಕ್ಕೆ ಟೀವಿಯಲ್ಲಿ ಹೇಳಿದ್ದೆಲ್ಲ ಚಾಚೂ ತಪ್ಪದೆ ತಿಳಿಯುತ್ತದೆ ಎಂದು ಹೋದ ಹೋದ ಸಭೆಯಲ್ಲೆಲ್ಲ ಹೇಳಿ ಬಂದರು. ಅದನ್ನು ಕಣ್ಣಾರೆ ನೋಡೋಣ ಎಂದು ಇನ್ನೊಂದು ದೇಶದ ಕೇಂದ್ರದಿಂದ ಒಬ್ಬ ಅತಿಥಿ ಮೇಡಂ ಬಂದರು.

ಮೇಡಂಗೆ ಇಲ್ಲಿನ ಭಾಷೆ ಒಂದಕ್ಷರ ಬಾರದು. ಆದರೂ ಗಾಜಿನಾಚೆ ನಿಲ್ಲದೆ ಸೋಫಾದಲ್ಲೇ, ದೊಡ್ಡಮ್ಮನ ಪಕ್ಕ, ಕಾಲು ಮಡಚಿ ಕೂತರು. ಪ್ರಕಟಣೆ ಬಂತು. ಹುಬ್ಬಣ್ಣ ಕಾರ್ಡು ಹರಡಿದ. ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿದ್ದನ್ನು ಮೇಡಂ ನೋಡಿದರು, ತಾವೂ ಅತ್ತ ನೋಡಿದರು. ತಮಾಷೆಗೆ ಒಂದು ಕಾರ್ಡಿನ ಮೇಲೆ ಬೆರಳು ಚಾಚಿದರು, ಹುಬ್ಬು ಕುಸಿಯಿತು. ಬೆರಳು ಪಕ್ಕಕ್ಕೆ ಸರಿಸಿದರು, ಹುಬ್ಬು ಹಾರಿತು. ಉತ್ತರ ಸರಿ! ಇನ್ನೊಂದು ಪ್ರಕಟಣೆ ಹಾಕಿದರು, ಅದೂ ಸರಿ. ಮುಂದಿನದೂ ಸರಿ. ಮೇಡಂ ಹೊಟ್ಟೆ ಹಿಡಿದುಕೊಂಡು ದೊಡ್ಡಮ್ಮನ ಹೆಗಲಿಗೆ ಒರಗಿ ನಗತೊಡಗಿದರು. ಟೀ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದ ನಿರ್ದೇಶಕರು ಮಾತ್ರ ನಗಲಿಲ್ಲ.

"ಅಯ್ಯೋ ಪುಣ್ಯಾತ್ಮ! ನಮ್ಮ ಜನ ಜಾಣರು ಅಂತ ಲೋಕಕ್ಕೆಲ್ಲ ಸಾರಿ ಬಂದೆನಲ್ಲೋ. ನಿನ್ನ ಹುಬ್ಬು ಜಾಣ ಅಂತ ಹೇಳ್ಬೇಕಿತ್ತು!"

ಹುಬ್ಬಣ್ಣ ಹಣೆ ಮುಟ್ಟಿ ನೋಡಿಕೊಂಡ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಆ ಹೊತ್ತಿಗೆ ಕೇಂದ್ರಕ್ಕೆ ಒಂದು ದೊಡ್ಡ ಕೆಲಸ ಬಂದಿತ್ತು. ಬಿರುಗಾಳಿ ಬರುವಾಗ ಸೈರನ್ ಕೂಗಿದರೆ ಜನ ಏನು ಮಾಡಬೇಕು ಎನ್ನುವ ಪ್ರಕಟಣೆ. ಎಲ್ಲರಿಗೂ ತೋರಿಸುವ ಮುಂಚೆ ಈ ಕೋಣೆಯಲ್ಲಿ ತೋರಿಸಿ ನೋಡಬೇಕಿತ್ತು. ನಿರ್ದೇಶಕರು ಹುಬ್ಬಣ್ಣನನ್ನು ಕರೆದು, "ಇದೊಂದು ಸಲ ನೋಡ್ತೀನಿ. ಇದು ಜನರ ಜೀವದ ಮಾತು. ಮತ್ತೆ ಹುಬ್ಬು ಕುಣಿದ್ರೆ ನೀನು ನೆಲಮಾಳಿಗೆಗೆ" ಎಂದರು.

ನೆಲಮಾಳಿಗೆಯಲ್ಲಿ ಹಳೆಯ ಟೇಪುಗಳಿದ್ದವು. ಕಿಟಕಿಯಿಲ್ಲ, ಬರುವವರಿಲ್ಲ. "ಅಲ್ಲಿ ಮಾತಾಡ್ಸೋಣ ಅಂದ್ರೆ ಒಂದು ಹಲ್ಲೀನೂ ಇಲ್ಲ ದೊಡ್ಡಮ್ಮಾ" ಎಂದ ಹುಬ್ಬಣ್ಣನ ದನಿ ಸಣ್ಣದಾಗಿತ್ತು. ಮಾತನ್ನೇ ಉಂಡು ಉಟ್ಟು ಬದುಕಿದವನು ಅವನು.

ಆ ವಾರವೆಲ್ಲ ಸಂಜೆ ಹೊತ್ತು ಟೈಲರಮ್ಮನ ಅಂಗಡಿಯಲ್ಲಿ ಅಭ್ಯಾಸ ನಡೆಯಿತು. ಕಪ್ಪು ಕನ್ನಡಕ ಹಾಕಿದರೆ ಹುಬ್ಬು ಅದರ ಮೇಲಿಂದ ಇಣುಕಿತು. ಟೋಪಿಯನ್ನು ಕಣ್ಣಿನ ತನಕ ಎಳೆದರೆ ಟೋಪಿಯೇ ಏರಿಳಿಯಿತು.

"ಏನಾದ್ರೂ ಬೇಜಾರಿನ ವಿಷಯ ನೆನೆಸ್ಕೋ" ಎಂದರು ದೊಡ್ಡಮ್ಮ.

"ನನ್ನ ಹೆಂಡತಿನೂ ಅದೇ ಹೇಳಿದ್ಳು. ಅವಳ ಅಣ್ಣನ್ನ ನೆನೆಸ್ಕೊಂಡೆ. ಅವನು ನಮ್ಮನೆ ಮಂಚ ಮುರಿದು ಬಿದ್ದಿದ್ದು ನೆನಪಾಯ್ತು. ಇನ್ನೂ ಜಾಸ್ತಿ ನಗು ಬಂತು."

"ಸುಮ್ನೆ ಬಾ ಇಲ್ಲಿ" ಎಂದಳು ಟೈಲರಮ್ಮ ಸೂಜಿಗೆ ದಾರ ಪೋಣಿಸುತ್ತ. "ಎರಡೂ ಕಡೆ ಒಂದೊಂದು ಹೊಲಿಗೆ ಹಾಕ್ಬಿಡ್ತೀನಿ, ಬಿಚ್ಚಿದ್ರೆ ಕೇಳು."

ನಕ್ಕು ಸುಸ್ತಾದ ಮೇಲೆ ಹುಬ್ಬಣ್ಣ ಟೋಪಿ ತೆಗೆದಿಟ್ಟ. ಆಮೇಲೆ ತನ್ನಷ್ಟಕ್ಕೆ ಹೇಳಿದ. "ನಮ್ಮಮ್ಮಂಗೆ ಕಿವಿ ಕೇಳ್ತಿರ್ಲಿಲ್ಲ. ಮನೇಲಿ ಎಲ್ಲ ಮಾತೂ ಮುಖದಲ್ಲೇ. ಹೌದು ಅಂದ್ರೆ ಹುಬ್ಬು ಮೇಲೆ, ಬೇಡ ಅಂದ್ರೆ ಕೆಳಗೆ. ಅವಳು ತಿಳೀಲಿಲ್ಲ ಅಂತ ಪಿಳಿಪಿಳಿ ನೋಡಿದ್ರೆ ನಂಗೆ ತಡ್ಕೊಳ್ಳೋಕ್ಕಾಗ್ತಿರ್ಲಿಲ್ಲ. ಈಗ್ಲೂ ಅಷ್ಟೇ. ಎದುರಿಗಿದ್ದೋರು ತಡವರಿಸಿದ್ರೆ ನಾನು ಬೇಡ ಅಂದ್ರೂ ಇವು ಸಹಾಯಕ್ಕೆ ಓಡ್ತವೆ."

"ಹಂಗಾದ್ರೆ ನಮ್ಮ ಮುಖ ನೋಡ್ಲೇಬೇಡ ಕಣಪ್ಪ" ಎಂದರು ದೊಡ್ಡಮ್ಮ, ಸಮಾಧಾನಕ್ಕೆ ಅನ್ನುವ ಹಾಗೆ. ಹುಬ್ಬಣ್ಣ ಎದ್ದು ಮನೆಗೆ ಹೋದ.

ಸೈರನ್ನಿನ ದಿನ ಬಂತು. ಹುಬ್ಬಣ್ಣ ಕೋಣೆಗೆ ಬಂದವನೇ ಎಲ್ಲರನ್ನೂ ಮಾತಾಡಿಸಿದ, ಟೀ ಕೊಟ್ಟ, ಆಮೇಲೆ ಕುರ್ಚಿಯನ್ನು ಎತ್ತಿ ಗಾಜಿನ ಕಡೆ ತಿರುಗಿಸಿ ಸೋಫಾಕ್ಕೆ ಬೆನ್ನು ಹಾಕಿ ಕೂತುಬಿಟ್ಟ. ಟೀವಿಯಲ್ಲಿ ಸೈರನ್ ಕೂಗಿತು. ಒಂದು ಬಾಗಿಲು, ಪಕ್ಕದಲ್ಲೊಬ್ಬ ಮನುಷ್ಯ, ನಡುವೆ ಒಂದು ಬಾಣದ ಗುರುತು ಬಂದು ಹೋದವು.

"ಸೈರನ್ ಕೂಗಿದ್ರೆ ಏನು ಮಾಡ್ಬೇಕಂತೆ?" ಎಂದು ಬೆನ್ನು ಕೇಳಿತು.

"ಅಲ್ಲ, ಈಗ ನಾವು ಎತ್ಲಾಗೆ ನೋಡೋದು?" ಎಂದ ಡ್ರೈವರು ಗಾಬರಿಯಿಂದ.

"ಟೀವಿ ನೋಡ್ರಿ ಸಾಹೇಬ್ರೆ, ಅದಕ್ಕೇ ತಂದಿಟ್ಟಿರೋದು."

ಇನ್ನೊಮ್ಮೆ ಹಾಕಿಸಿದರು. ಡ್ರೈವರು ಹೇಳಿದ, "ಆಚೆ ಓಡ್ಬೇಕು. ಬಾಣ ಆಚೆ ತೋರಿಸ್ತಾ ಇದೆ."

"ಬಿರುಗಾಳಿ ಬಂದಾಗ ಆಚೆ ಓಡ್ತಾರೇನ್ರಿ?" ಎಂದು ಟೈಲರಮ್ಮ ಮೇಲೆ ಬಿದ್ದಳು. "ಬಸ್ಸಿನ ಜೊತೆ ಬುದ್ಧೀನೂ ಡಿಪೋದಲ್ಲಿ ಬಿಟ್ಟು ಬಂದ್ರಾ? ಒಳಗೆ ಹೋಗ್ಬೇಕು!"

"ನಿಮ್ಮ ಕತ್ತರಿಗಿಂತ ನಿಮ್ಮ ನಾಲಿಗೆ ಚೂಪಾಗಿದೆ ಕಣ್ರಿ. ಬಾಣ ನೋಡಿ ಮೊದ್ಲು!"

"ದೊಡ್ಡಮ್ಮಾ, ನೀವು ಹೇಳಿ" ಎಂದಿತು ಬೆನ್ನು.

ದೊಡ್ಡಮ್ಮ ಬಾಗಿಲು ನೋಡಿದರು, ಬಾಣ ನೋಡಿದರು, ಆ ಬೆನ್ನನ್ನೂ ನೋಡಿದರು. ಅದು ಏನೂ ಹೇಳಲಿಲ್ಲ.

"ನಂಗೆ ತಿಳೀಲಿಲ್ಲಪ್ಪ" ಎಂದರು.

ಆ ಕೋಣೆಯಲ್ಲಿ ಯಾರೂ ಆ ಮಾತು ಆಡಿದ್ದಿಲ್ಲ. ಹುಬ್ಬಣ್ಣನಿಗೆ ಎಷ್ಟು ಖುಷಿಯಾಯಿತೆಂದರೆ ಅವನ ಭುಜಗಳು ಮೆಲ್ಲಗೆ ಕುಲುಕತೊಡಗಿದವು. ಗಾಜಿನಾಚೆ ನಿಂತ ನಿರ್ದೇಶಕರಿಗೆ ಅಂದೇ ಮೊದಲ ಸಲ ಆ ಹುಬ್ಬುಗಳ ಪೂರ್ತಿ ನಾಟಕ ಕಂಡದ್ದು. ನಗು ತಡೆಯಲಾರದೆ ಕರ್ಚೀಫು ಬಾಯಿಗೆ ಒತ್ತಿಕೊಂಡಿದ್ದರು. ಭುಜ ಕುಲುಕಿದ್ದು ಕಂಡದ್ದೇ ತಡ, "ಭುಜ! ಭುಜ!" ಎನ್ನುತ್ತ ತಮ್ಮ ಕೋಣೆಗೆ ಓಡಿದರು. ತಾವು ಕೂರುವ, ಎತ್ತರದ ಬೆನ್ನಿನ ತಿರುಗುಕುರ್ಚಿಯನ್ನು ಮೊಗಸಾಲೆಯುದ್ದಕ್ಕೂ ತಳ್ಳಿಕೊಂಡು ಬಂದು, ಹುಬ್ಬಣ್ಣನನ್ನು ಎಬ್ಬಿಸಿ ಅದರಲ್ಲಿ ಕೂರಿಸಿದರು. ಈಗ ಸೋಫಾದವರಿಗೆ ಅವನ ಒಂದು ಕೂದಲೂ ಕಾಣುತ್ತಿರಲಿಲ್ಲ.

ಆಮೇಲೆ ಬಂದ ಗುಂಪುಗಳದೂ ಅದೇ ಕಥೆ. ಅರ್ಧ ಜನ ಆಚೆ, ಅರ್ಧ ಜನ ಒಳಗೆ. ನಿರ್ದೇಶಕರು ಹುಬ್ಬಣ್ಣನನ್ನು ತಬ್ಬಿಕೊಂಡರು. "ಇಷ್ಟು ಕೆಟ್ಟ ಫಲಿತಾಂಶ ನಮ್ಮ ಕೇಂದ್ರಕ್ಕೆ ಯಾವತ್ತೂ ಬಂದಿರ್ಲಿಲ್ಲ ಕಣಯ್ಯಾ!" ಪ್ರಕಟಣೆಯನ್ನು ಬದಲಿಸಿದರು. ಬಾಣ ಹೋಯಿತು. ಒಬ್ಬ ತಾಯಿ ಮಗುವನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕುವ ಚಿತ್ರ ಬಂತು. ಮುಂದೆ ಒಂದು ಮಧ್ಯಾಹ್ನ ನಿಜವಾದ ಸೈರನ್ ಕೂಗಿದಾಗ ಬೀದಿಯ ಬಾಗಿಲುಗಳೆಲ್ಲ ದಡದಡ ಮುಚ್ಚಿಕೊಂಡವು. ಡ್ರೈವರು ಬಸ್ ನಿಲ್ಲಿಸಿ ಅಷ್ಟೂ ಜನರನ್ನು ಟೈಲರಮ್ಮನ ಅಂಗಡಿಗೆ ತುಂಬಿದ. "ಒಳಗೆ ಅಂತ ಈಗ ತಿಳೀತಾ?" ಎಂದು ಅವಳು ಕೇಳದೆ ಬಿಡಲಿಲ್ಲ.

ಆ ತಿರುಗುಕುರ್ಚಿ ಮತ್ತೆ ವಾಪಸು ಹೋಗಲೇ ಇಲ್ಲ. ನಿರ್ದೇಶಕರು ಮರದ ಕುರ್ಚಿಗೆ ದಿಂಬು ಹಾಕಿಕೊಂಡರು. ಹೊಸದಾಗಿ ಬಂದ ಪ್ರಶ್ನೆಗಾರರೂ ಬೆನ್ನು ಹಾಕಿಯೇ ಕೂರಬೇಕೆಂದಾಯಿತು. ಹುಬ್ಬಣ್ಣ ಮಾತ್ರ ಕೆಲಸ ಮುಗಿದೊಡನೆ ಕುರ್ಚಿ ಗಿರ್ರನೆ ತಿರುಗಿಸುತ್ತಿದ್ದ. ತಡೆದಿಟ್ಟ ನಗುವೆಲ್ಲ ಒಟ್ಟಿಗೆ ಹೊರಗೆ ಬೀಳುತ್ತಿತ್ತು. ಅದನ್ನು ನೋಡುವುದಕ್ಕೆಂದೇ ದೊಡ್ಡಮ್ಮ ಮೈಗೆ ಹುಷಾರಿಲ್ಲದ ದಿನವೂ ಹೋಗುತ್ತಿದ್ದರು.

ಅವನು ನಿವೃತ್ತಿಯಾಗಿ ಮಗಳ ಊರಿಗೆ ಹೊರಟ ದಿನ ಎಲ್ಲರೂ ಕೋಣೆಯಲ್ಲಿ ಸೇರಿದ್ದರು. ಭಾಷಣ ಬೇಡ, ಇನ್ನೊಂದೇ ಒಂದು ಪ್ರಶ್ನೆ ಕೇಳಿ ಏಳುತ್ತೇನೆ ಎಂದ. ಟೀವಿ ಹಾಕಲಿಲ್ಲ, ಕಾರ್ಡು ಹರಡಲಿಲ್ಲ. ದೊಡ್ಡಮ್ಮ ಎಂದಿನ ಹಾಗೆ ಸೋಫಾದಲ್ಲಿ ಸೆರಗು ಹೊದ್ದು ಕೂತರು. ಎತ್ತರದ ಕುರ್ಚಿ ಗಾಜಿನ ಕಡೆ ತಿರುಗಿತು. ಆಮೇಲೆ ಕುರ್ಚಿಯ ಆಚೆಯಿಂದ ಅವನು ಕೇಳಿದ.

"ದೊಡ್ಡಮ್ಮಾ, ಹುಬ್ಬು ಈಗ ಮೇಲಿದೆಯೋ ಕೆಳಗಿದೆಯೋ, ಹೇಳಿ ನೋಡೋಣ?"