ಏಣಿ ಮಾವನ ಮೂರು ಕುಣಿತ

ಏಣಿ ಮಾವ ತಾನು ಮಾಡಿದ ಪ್ರತಿ ಏಣಿಯನ್ನೂ ತಾನೇ ಹತ್ತಿ, ಮೇಲಿನ ಮೆಟ್ಟಿಲಲ್ಲಿ ನಿಂತು ಮೂರು ಸಲ ಕುಣಿಯುತ್ತಿದ್ದ. ಆಮೇಲೆ ಇಳಿದು, ಕಿವಿಯ ಸಂದಿಯ ಪೆನ್ಸಿಲ್ ತೆಗೆದು ಏಣಿಗೊಂದು ಗುರುತು ಎಳೆಯುವುದು. ಇಪ್ಪತ್ತೆಂಟು ವರ್ಷದಲ್ಲಿ ಒಂದಾದರೂ ಮುರಿದಿದ್ದರೆ ಕೇಳಿ! ಆಳು ಮಾತ್ರ ಕಡ್ಡಿ. ಗಾಳಿ ಬಂದರೆ ಅಂಗಿಯೊಳಗೆ ಇವರನ್ನು ಹುಡುಕಬೇಕು ಎಂದು ಹೆಂಡತಿ ನಗುತ್ತಿದ್ದಳು. ಆಕೆಯನ್ನು ಹುಡುಕುವ ಪ್ರಶ್ನೆಯೇ ಇರಲಿಲ್ಲ. ಬಾಗಿಲಲ್ಲಿ ನಿಂತರೆ ಕಾರ್ಖಾನೆಗೆ ಬೆಳಕು ಕಡಿಮೆಯಾಗುತ್ತಿತ್ತು.

ಮಾವನಿಗೆ ಇದ್ದದ್ದು ಒಂದೇ ಆಸೆ. ಮರ ಒಣಗಿಸಲು ಒಂದು ಬಿಸಿ ಕೋಣೆ. ಅದಿಲ್ಲದೆ ದೊಡ್ಡ ಆರ್ಡರುಗಳು ಏಣಿ ಹಾಕಿದರೂ ಎಟುಕುತ್ತಿರಲಿಲ್ಲ. ಅಷ್ಟರಲ್ಲಿ ಸಣ್ಣ ಉದ್ಯಮಗಳಿಗೆ ಸಲಹೆ, ಬಂಡವಾಳ ಎರಡನ್ನೂ ಕೊಡುವ ಒಂದು ಸಂಸ್ಥೆಯಿಂದ ಸಲಹೆಗಾರ್ತಿ ಬಂದಳು. ಬುದ್ಧಿ ಹೇಳುವವರಿಗೆ ಎಲ್ಲಿಯೂ ಬರವಿಲ್ಲ. ಬುದ್ಧಿಯ ಬೆನ್ನಿಗೆ ದುಡ್ಡೂ ಕೊಡುವವರನ್ನು ಮಾವ ನೋಡಿದ್ದು ಅದೇ ಮೊದಲು.

"ಸರ್, ನಾಳೆಯಿಂದ ನೀವಿಲ್ಲ ಅಂದ್ಕೊಳ್ಳಿ. ಈ ಕೆಲಸ ಏನಾಗುತ್ತೆ?"

"ಯಾಕಮ್ಮ, ನಿಮಗೇನಾದ್ರೂ ಗೊತ್ತಾಗಿದೆಯಾ?" ಮಾವ ಎದೆ ಮುಟ್ಟಿಕೊಂಡ.

ಅವಳ ಷರತ್ತು ಸರಳವಾಗಿತ್ತು. ಒಬ್ಬನ ಮೇಲೆ ನಿಂತ ಉದ್ಯಮಕ್ಕೆ ಸಂಸ್ಥೆ ಹಣ ಹಾಕುವುದಿಲ್ಲ. ಹದಿನೈದು ದಿನ ಮಾವ ಇತ್ತ ಕಾಲಿಡಬಾರದು, ಫೋನೂ ಮಾಡಬಾರದು. ಕೆಲಸ ನಿಲ್ಲದಿದ್ದರೆ ಬಿಸಿ ಕೋಣೆ ಬಂದಂತೆ.

"ನಾನಿಲ್ಲದೆ ಇಲ್ಲಿ ಒಂದು ಮೊಳೆ ಒಳಗೆ ಹೋಗಲ್ಲ," ಎಂದ ಮಾವ.

"ಹೋಗ್ರೀ ಸಾಕು," ಎಂದಳು ಹೆಂಡತಿ. "ಮೊಳೆ ಹೋಗುತ್ತೆ, ಮೊದಲು ನೀವು ಹೊರಡಿ."

ಹೋದದ್ದು ಅಕ್ಕನ ಮನೆಗೆ. ಮೂರೇ ದಿನದಲ್ಲಿ ಅಲ್ಲಿನ ಕುರ್ಚಿ, ಮಂಚ, ಕಪಾಟು ಎಲ್ಲದರ ಕಾಲು ಬಿಚ್ಚಿ ಮತ್ತೆ ಜೋಡಿಸಿದ. "ನೀನು ಇನ್ನೆರಡು ದಿನ ಇದ್ದರೆ ನಾನು ನೆಲದ ಮೇಲೆ ಮಲಗಬೇಕು ಕಣೋ," ಎಂದು ಅಕ್ಕ ಕೈಮುಗಿದಳು. ಮಾವನ ಮನಸ್ಸಿನಲ್ಲಿ ಎರಡು ಪ್ರಾರ್ಥನೆ ಜಗಳವಾಡುತ್ತಿದ್ದವು. ಕೆಲಸ ನಿಲ್ಲದಿರಲಿ, ಕೋಣೆ ಬರಲಿ. ಆದರೂ ಸ್ವಲ್ಪ, ಒಂದು ಚೂರು, ನಿಲ್ಲಲಿ.

ಹದಿನಾರನೆಯ ಬೆಳಿಗ್ಗೆ ಕಾರ್ಖಾನೆಗೆ ಬಂದವನಿಗೆ ಮೊದಲು ಕಂಡದ್ದು ಮೂಲೆಯಲ್ಲಿ ರಾಶಿ ಬಿದ್ದ ಮುರಿದ ಏಣಿಗಳು. ಒಂಬತ್ತು.

"ನೋಡಿದ್ರಾ!" ಅವನ ದನಿಯಲ್ಲಿ ದುಃಖಕ್ಕಿಂತ ಗೆಲುವೇ ಹೆಚ್ಚಿತ್ತು. "ಹದಿನೈದು ದಿನಕ್ಕೆ ಒಂಬತ್ತು ಹಾಳು ಮಾಡಿದ್ದೀರಿ!"

ಕಾರ್ಖಾನೆಯ ಇಬ್ಬರು ಕೆಲಸಗಾರರೂ ನೆಲ ನೋಡಿದರು. ಹಿರಿಯವನು ಗಂಟಲು ಸರಿ ಮಾಡಿಕೊಂಡ. "ಇವು ನೀವಿದ್ದಾಗ ಮಾಡಿದ್ದು ಯಜಮಾನ್ರೇ. ನಿಮ್ಮ ಪೆನ್ಸಿಲ್ ಗುರುತೂ ಇದೆ."

ಮಾವ ಬಗ್ಗಿ ನೋಡಿದ. ಇತ್ತು. ಒಂಬತ್ತರ ಮೇಲೂ.

"ಮಾರೋ ಮುಂಚೆ ನಾನೂ ಒಂದೊಂದನ್ನೂ ಹತ್ತಿ ನೋಡಿದೆ ರೀ," ಎಂದಳು ಹೆಂಡತಿ ಮೆಲ್ಲಗೆ. "ಕುಣಿಯೋದಿರಲಿ, ನಿಂತೆ ಅಷ್ಟೆ. ಆಮೇಲೆ ಮೆಟ್ಟಿಲು ಕೂರೋ ತೂತನ್ನ ಇನ್ನೊಂದು ಬೆರಳು ಆಳ ಮಾಡಿಸಿದೆ. ಆಮೇಲಿನದು ಒಂದೂ ಮುರಿದಿಲ್ಲ."

ಫಲಿತಾಂಶ ನೋಡಲು ಬಂದಿದ್ದ ಸಲಹೆಗಾರ್ತಿ ಕಾಗದ ಮುಂದಿಟ್ಟಳು. ಬಿಸಿ ಕೋಣೆಗೆ ಹಣ ಮಂಜೂರು. ಏಣಿಯ ಪರೀಕ್ಷೆ ಇನ್ನು ಮುಂದೆ ಹೆಂಡತಿಯದು. ಮಾವ ಸಹಿ ಹಾಕಬೇಕು.

ಮಾವ ಪೆನ್ನು ಮುಟ್ಟದೆ ಬೀದಿಗಿಳಿದ. ಎದುರು ಕಟ್ಟಡಕ್ಕೆ ಪೇಂಟರ್ ಬಣ್ಣ ಹೊಡೆಯುತ್ತಿದ್ದ, ಮಾವನದೇ ಏಣಿಯ ಮೇಲೆ. ಹತ್ತಿರ ಹೋದರೆ ಪ್ರತಿ ಮೆಟ್ಟಿಲಿನ ಎರಡೂ ತುದಿಗೆ ತಂತಿ ಸುತ್ತಿತ್ತು.

"ಇದೇನೋ ಇದು?"

"ತಂತಿ, ಮಾವ. ನಿಮ್ಮ ಏಣಿ ತಂದ ದಿನವೇ ಸುತ್ತಿಬಿಡ್ತೀವಿ. ಕರೆಂಟಿನವರು, ಬೋರ್ಡು ಬರೆಯೋರು, ಎಲ್ಲರೂ ಅಷ್ಟೇ."

"ಎಷ್ಟು ವರ್ಷದಿಂದ?"

"ನಮ್ಮಪ್ಪನೂ ಸುತ್ತುತ್ತಿದ್ದ."

ಮಾವನಿಗೆ ನಾಲಿಗೆ ಒಣಗಿತು. ಬಿಸಿ ಕೋಣೆಯೇ ಬೇಕಾಗಲಿಲ್ಲ. "ಒಂದು ಮಾತು ನನಗೆ ಹೇಳಬಾರದಿತ್ತೇನೋ?"

ಪೇಂಟರ್ ಬ್ರಷ್ ಕೆಳಗಿಟ್ಟ. "ಮೇಲೆ ನಿಂತು ಅಷ್ಟು ಖುಷಿಯಾಗಿ ಕುಣೀತಿದ್ರಿ. ಇಳಿಸೋಕೆ ಯಾರಿಗೂ ಮನಸ್ಸು ಬರಲಿಲ್ಲ."

ಏಣಿ ಮಾರಿದ ಮನೆಗಳೆಲ್ಲ ಅವನ ಕಣ್ಣ ಮುಂದೆ ಸಾಲಾಗಿ ನಿಂತವು. ಒಂದೊಂದು ಮನೆಯಲ್ಲೂ ಯಾರೋ ಸದ್ದಿಲ್ಲದೆ ತಂತಿ ಸುತ್ತುತ್ತಿದ್ದರು.

ವಾಪಸ್ ಬಂದು ಸಹಿ ಹಾಕಿದ. ಹೆಸರು ಗೀಟಿನಿಂದ ಕೆಳಗೆ ಜಾರಿತು. ಕಿವಿಯ ಪೆನ್ಸಿಲ್ ತೆಗೆದು ಹೆಂಡತಿಗೆ ಕೊಟ್ಟ. ಆಕೆ ಸೆರಗು ಬಿಗಿದು ಹೊಸ ಏಣಿ ಹತ್ತಿದಳು. ಮಾವ ಜೀವಮಾನದಲ್ಲಿ ಮೊದಲ ಸಲ ಕೆಳಗೆ ನಿಂತು ಏಣಿಯ ಬುಡ ಹಿಡಿದುಕೊಂಡ.

"ಮೂರು ಸಲ ಕುಣೀಲಾ ರೀ?"

"ಬೇಡ ತಾಯಿ," ಎಂದ ಮಾವ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು. "ಸುಮ್ನೆ ನಿಂತ್ಕೋ. ಅಷ್ಟೇ ಸಾಕು."