ನಾಲ್ಕು ಗಂಟೆಯ ಗೋಡೆ

ಓಣಿಯವರೆಲ್ಲ ಹೊಲಿಗೆಯಕ್ಕ ಎಂದೇ ಕರೆಯುತ್ತಿದ್ದ ಈಕೆಗೆ ಈಗ ಐವತ್ತೊಂಬತ್ತು ವರ್ಷ. ಗಂಡ ತೀರಿಕೊಂಡು ಬಹಳ ಕಾಲವಾಯಿತು. ಮಗ, ಸೊಸೆ, ಒಬ್ಬಳು ಮೊಮ್ಮಗಳು; ಇಷ್ಟೇ ಸಂಸಾರ. ಪೇಟೆಯ ನಟ್ಟನಡುವಿನ ಸಾಲುಮನೆಯ ಎರಡು ಕೋಣೆಗಳಲ್ಲಿ ಹೊಲಿಗೆಯಂತ್ರ ತುಳಿದೇ ಆಕೆ ಮಗನನ್ನು ಬೆಳೆಸಿದ್ದು. ಆಕೆ ಹೂಂ ಎನ್ನದೆ ಒಂದು ಚಮಚವೂ ಆ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ.

ಯಂತ್ರ ಒರಗಿದ್ದ ಗೋಡೆಯ ಆಚೆಗೆ ನರ್ಸಮ್ಮನ ಮನೆ. ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ಬಂದು ಹಗಲು ಮಲಗುವ ಆಕೆಯದು ಯಾವ ಅಲಾರಾಮಿಗೂ ಜಗ್ಗದ ನಿದ್ದೆ. “ನಾಲ್ಕು ಗಂಟೆಗೆ ಗೋಡೆಗೆರಡು ಏಟು ಹಾಕೇ, ನಿನಗೆ ಪುಣ್ಯ ಬರುತ್ತೆ” ಎಂದು ಹಿಂದೊಮ್ಮೆ ಕೇಳಿಕೊಂಡಿದ್ದಳು. ಹೊಲಿಗೆಯಕ್ಕ ಕತ್ತರಿಯ ಹಿಡಿಯಿಂದ ಬಡಿಯುವಳು. ಆಚೆಯಿಂದ ಸೌಟಿನ ಉತ್ತರ ಬರುವುದು. ನರ್ಸಮ್ಮ ನಿವೃತ್ತಳಾದಳು. ಎಬ್ಬಿಸುವ ಅಗತ್ಯ ತೀರಿತು, ಬಡಿತ ತೀರಲಿಲ್ಲ.

“ಅಮ್ಮಾ, ಊರಾಚೆ ಇದೇ ಬಾಡಿಗೆಗೆ ಮೂರು ಕೋಣೆ ಸಿಗುತ್ತೆ. ಗಾಳಿ ಇದೆ, ಬೆಳಕಿದೆ” ಎಂದು ಮಗ ಮತ್ತೆ ಮತ್ತೆ ರಾಗ ತೆಗೆಯುತ್ತಿದ್ದ.

“ಗಾಳಿ ಹೊಲಿದು ಕೊಡ್ಲಾ? ನನ್ನ ಗಿರಾಕಿಗಳೆಲ್ಲ ಇಲ್ಲಿದಾರೆ.”

“ಇದ್ರು. ಅರ್ಧ ಜನ ಆಗ್ಲೇ ಅಲ್ಲಿಗೆ ಹೋಗಾಯ್ತು.”

ಸೊಸೆ ನಗುತ್ತ ಬಾಯಿ ಹಾಕಿದಳು: “ಆ ಗೋಡೆ ಬಿಟ್ಟು ಬರಕ್ಕಾಗಲ್ಲ ಅಂದ್ರೆ ಅದನ್ನೂ ಲಾರಿಗೆ ಹಾಕಿಸೋಣ ಅತ್ತೆ.”

“ನಿನ್ನ ನಾಲಿಗೇನ ಇಲ್ಲೇ ಬಿಟ್ಟು ಬಾ. ಜಾಗ ತಾನಾಗೇ ಆಗುತ್ತೆ.”

ಮಾತು ಅಲ್ಲಿಗೇ ನಿಂತಿತು.

ಜನ ಪೇಟೆಯನ್ನು ಬಿಡುವುದಕ್ಕೆ ದೊಡ್ಡ ಕಾರಣಗಳನ್ನು ಹುಡುಕುವವರಿದ್ದಾರೆ. ಈ ಮನೆಯ ಕಾರಣ ಯಂತ್ರಕ್ಕೆ ತಾಗಿಕೊಂಡೇ ಇದ್ದ, ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಕುಳಿತಿತ್ತು. ಒಂದು ಸಂಜೆ ನೂಲಿನ ಉರುಳೆ ಕೈಜಾರಿ ಉರುಳಿತು. ಬಗ್ಗಿ ನೋಡಿದರೆ, ಮೊಣಕಾಲಿಗೆ ಗದ್ದ ಊರಿಕೊಂಡು ಮೊಮ್ಮಗಳು ಪುಸ್ತಕ ಓದುತ್ತಿದ್ದಾಳೆ.

“ಇಲ್ಯಾಕೇ ಮುದುರ್ಕೊಂಡಿದೀಯ?”

“ಬೇರೆಲ್ಲೂ ಜಾಗ ಇಲ್ವಲ್ಲ ಅಜ್ಜಿ. ನೀನು ತುಳಿಯೋವಾಗ ಕಾಲು ಮಡಚ್ಕೋತೀನಿ, ನಿಲ್ಲಿಸಿದಾಗ ಸ್ವಲ್ಪ ಚಾಚ್ತೀನಿ. ಅಭ್ಯಾಸ ಆಗಿದೆ.”

ದೂರಿದ್ದರೆ ಅಜ್ಜಿ ಗದರಿಸಿ ಸುಮ್ಮನಾಗುತ್ತಿದ್ದಳೇನೋ. ಹುಡುಗಿ ದೂರಲಿಲ್ಲ. ಹೊಲಿಗೆಯಕ್ಕ ಯಂತ್ರಕ್ಕೆ ಮುಸುಕು ಹೊದಿಸಿ, ಗೋಡೆ ಬಡಿಯದೆ, ನೇರವಾಗಿ ಪಕ್ಕದ ಮನೆಯ ಬಾಗಿಲಿಗೆ ಹೋದಳು.

“ಹೋಗು” ಎಂದಳು ನರ್ಸಮ್ಮ, ಎಲ್ಲವನ್ನೂ ಕೇಳಿದ ಮೇಲೆ. “ಆ ಮಗು ಕಾಲು ಚಾಚಲಿ.”

“ದಿನಾ ಫೋನ್ ಮಾಡ್ತೀನಿ ಅಕ್ಕಾ.”

“ಮಾಡು. ಆದ್ರೆ ಫೋನಿನಲ್ಲಿ ಏನಾದ್ರೂ ಮಾತಾಡ್ಬೇಕಾಗುತ್ತೆ ಕಣೇ. ಗೋಡೆಗೆ ಆ ಹಂಗಿರಲಿಲ್ಲ.”

ಊರಾಚೆಯ ಹೊಸ ಮನೆ ನಾಲ್ಕು ಕಡೆಯೂ ಬಿಡಿಯಾಗಿ ನಿಂತಿದೆ. ಅಲ್ಲಿಗೆ ಬರುವವರೆಲ್ಲ ಆಸೆಪಟ್ಟು ಬರುವುದು ಅದಕ್ಕಾಗಿಯೇ: ಯಾರ ಗೋಡೆಯೂ ತಮ್ಮ ಗೋಡೆಗೆ ತಾಗಬಾರದು. ಹೊಲಿಗೆಯಕ್ಕ ಯಾರ ಮಾತನ್ನೂ ಕೇಳದೆ ಯಂತ್ರವನ್ನು ಹಳೆಯ ಮನೆಯಲ್ಲಿದ್ದಂತೆ ಪಶ್ಚಿಮದ ಗೋಡೆಗೇ ಒರಗಿಸಿದಳು. ಮರುದಿನ ನಾಲ್ಕು ಗಂಟೆಗೆ ಕೈ ತಾನಾಗಿ ಕತ್ತರಿಯನ್ನು ತಿರುಗಿಸಿ ಹಿಡಿದು ಎರಡು ಏಟು ಹಾಕಿತು. ಗೋಡೆಯ ಆಚೆಗೆ ಹುಲ್ಲು ಬೆಳೆದ ಖಾಲಿ ನಿವೇಶನ. ಅಡುಗೆಮನೆಯಲ್ಲಿದ್ದ ಸೊಸೆಗೆ ಆ ಸದ್ದು ಕೇಳಿಸಿತು. ಅಂದು ಅವಳು ಹಾಸ್ಯ ಮಾಡಲಿಲ್ಲ. ಒಂದು ಲೋಟ ಚಹಾ ತಂದಿಟ್ಟು ಒಳಗೆ ಹೋದಳು.

ಪಕ್ಕದ ಕೋಣೆಯಲ್ಲಿ ಮೊಮ್ಮಗಳು ಬೋರಲು ಮಲಗಿ, ಎರಡೂ ಕಾಲುಗಳನ್ನು ಉದ್ದಕ್ಕೆ ಚಾಚಿ ಓದುತ್ತಿದ್ದಳು. ಅಜ್ಜಿ ಬಾಗಿಲಲ್ಲಿ ನಿಂತು ಆ ಪಾದಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಯಂತ್ರ ತುಳಿಯಲು ಕುಳಿತಳು.

ಹೊಲಿಗೆಯಕ್ಕ ಹಿಂದೆ ಬಿಟ್ಟು ಬಂದವು ಇವು: ಯಂತ್ರದ ಕಾಲುಗಳು ನೆಲದಲ್ಲಿ ಕೊರೆದ ಗುಳಿಗಳು. ಮೊಳೆಯಲ್ಲಿ ತೂಗುತ್ತಿರುವ, ಯಾರೂ ಕೇಳಿಕೊಂಡು ಬಾರದ ಒಂದು ಪುಟ್ಟ ಅಂಗಿ. ಅದನ್ನು ತೊಡಬೇಕಿದ್ದ ಮಗು ಈಗ ಮೀಸೆ ಹೊತ್ತಿರಬೇಕು. ಹಾಸುಗಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಸೂಜಿಗಳು. ಕುಳಿತವಳ ಭುಜದ ಎತ್ತರಕ್ಕೆ, ಗೋಡೆಯ ಗಾರೆ ಸವೆದು ಆದ ಒಂದು ತಗ್ಗು. ಅದರಾಚೆ, ನರ್ಸಮ್ಮ.