ನನ್ನ ಇಳಿಜಾರಿನ ರಾಷ್ಟ್ರೀಯ ಭದ್ರತೆ

ಎರಡು ಮಹಾಶಕ್ತಿಗಳು ಟೀವಿಯಲ್ಲಿ ಒಂದಕ್ಕೊಂದು ಅಣುಬಾಂಬಿನ ಬೆದರಿಕೆ ಹಾಕುತ್ತಿದ್ದ ವಾರ, ವನಗೂರು ಕಡೆಯ ನಮ್ಮ ಬೆಳೆಗಾರರ ವಾಟ್ಸಾಪ್ ಗುಂಪಿಗೆ ನಾನೇ ರಕ್ಷಣಾ ಸಲಹೆಗಾರ. ನೇಮಿಸಿದವರು ಯಾರೂ ಇರಲಿಲ್ಲ, ಹಾಗಾಗಿ ತೆಗೆದುಹಾಕುವವರೂ ಇರಲಿಲ್ಲ.

ಅದೇ ವಾರ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಬಾಡಿಗೆ ಜೀಪಿನಲ್ಲಿ ಬಂದು, ತೋಟಗಳಲ್ಲಿ ಕಬ್ಬಿಣದ ಕೊಳವೆ ಹೊಡೆದು ಮಣ್ಣು ತೆಗೆದು, ನಂಬರು ಹಾಕಿದ ಚೀಲಗಳಿಗೆ ತುಂಬುತ್ತಿದ್ದಳು. ನನ್ನ ತೋಟದಲ್ಲೂ ಕೇಳಿಕೊಂಡೇ ತೆಗೆದಳು. ಕಾಫಿ ಕುಡಿಯುತ್ತ ವಿವರಿಸಿದಳು. ದೊಡ್ಡ ದೇಶಗಳು ಹಿಂದೆ ಬಯಲಲ್ಲಿ ಸಿಡಿಸಿ ನೋಡಿದ ಅಣುಬಾಂಬುಗಳ ಧೂಳು ಮಳೆಯ ಜೊತೆ ನಮ್ಮ ಬೆಟ್ಟಕ್ಕೂ ಇಳಿದಿದೆಯಂತೆ, ಮೇಲ್ಮಣ್ಣಿಗೆ ಅಂಟಿಕೊಂಡಿದೆಯಂತೆ. ಅಪಾಯವೇನಿಲ್ಲ. ಆದರೆ ಎಲ್ಲಿ ಆ ಧೂಳು ಕಡಿಮೆಯೋ ಅಲ್ಲಿನ ಮಣ್ಣು ಕೊಚ್ಚಿಹೋಗಿದೆ ಎಂದರ್ಥ.

ನಾನು ಗಂಭೀರವಾಗಿ ತಲೆಯಾಡಿಸಿದೆ. ಹೋಂಸ್ಟೇಗೆ ವ್ಯೂ ಬೇಕೆಂದು ಇಳಿಜಾರಿನ ನೆರಳುಮರಗಳನ್ನು ಕಡಿಸಿದವನು ನಾನು. ಆ ಮಳೆಗಾಲದಲ್ಲೇ ಕೆಳಗಿನ ತೋಟದ ಅಣ್ಣನ ಗದ್ದೆ ಮಣ್ಣಲ್ಲಿ ಹೂತುಹೋಯಿತು. ಅದು ರಸ್ತೆ ಕೆಲಸದ ಮಣ್ಣೆಂದು ಅವನನ್ನು ನಂಬಿಸಿದ್ದೆ. ಅವನ ಪಕ್ಕ ನಿಂತು ರಸ್ತೆಯವರನ್ನು ಬೈದೂ ಇದ್ದೆ.

ಅವಳ ಜೀಪು ಗೇಟು ದಾಟುತ್ತಲೇ ಗುಂಪಿನಲ್ಲಿ ಪ್ರಕಟಣೆ ಹೊರಡಿಸಿದೆ: ನಮ್ಮ ಬೆಟ್ಟಗಳ ಅಣುಮಾಹಿತಿ ಪರದೇಶಕ್ಕೆ ಹೋಗುತ್ತಿದೆ, ಚೀಲಗಳ ಮೇಲೆ ಸಂಕೇತಸಂಖ್ಯೆಗಳಿವೆ, ಎಚ್ಚರ. ಅದರಲ್ಲಿ ಒಂದಕ್ಷರವನ್ನೂ ನಾನು ನಂಬಿರಲಿಲ್ಲ.

ಮರುದಿನ ಬೆಳಿಗ್ಗೆ ನಮ್ಮವರು ತಿರುವಿನಲ್ಲಿ ಜೀಪು ನಿಲ್ಲಿಸಿ, ಚೀಲಗಳನ್ನು ರಸ್ತೆಗೆ ಸುರಿಯತೊಡಗಿದರು. ಎರಡು ತಿಂಗಳ ಕೆಲಸ ಅದು ಎಂದು ಅವಳು ಹೇಳುತ್ತಲೇ ಇದ್ದಳು, ಯಾರೂ ಕೇಳುತ್ತಿರಲಿಲ್ಲ. ಆಮೇಲೆ ನಾನು ಅವಳ ಕಣ್ಣಿಗೆ ಬಿದ್ದೆ. ಅವಳ ಮುಖದಲ್ಲಿ ಸಮಾಧಾನ ಕಂಡಿತು.

"ಸಾರ್, ನಿಮಗೆ ಎಲ್ಲ ಹೇಳಿದ್ದೆನಲ್ಲ. ಇವರಿಗೆ ಸ್ವಲ್ಪ ಹೇಳಿ."

ಅಣ್ಣ ನ್ಯಾಯವಂತ. ಸುರಿಯುವವರ ಕೈ ತಡೆದು ನನ್ನತ್ತ ತಿರುಗಿದ. "ಹೇಳು ಮಾರಾಯ. ಏನಾರ ಹೇಳಿದ್ಲಾ ನಿಂಗೆ? ಇನ್ನೂ ನಾಕು ಚೀಲ ಐತೆ."

ಆ ನಾಲ್ಕರಲ್ಲಿ ನನ್ನ ಇಳಿಜಾರಿನದೂ ಒಂದಿತ್ತು.

"ನಂಗೇನೂ ಹೇಳಿಲ್ಲ ಕಣಣ್ಣ," ಎಂದೆ.

ನಾಲ್ಕನ್ನೂ ಸುರಿದರು. ಅವಳು ಖಾಲಿ ಚೀಲಗಳನ್ನು ಒಂದೊಂದಾಗಿ ಮಡಚಿ ಜೀಪು ಹತ್ತಿದಳು. ನನ್ನ ಕಡೆ ಮತ್ತೆ ನೋಡಲಿಲ್ಲ. ನೋಡಿದ್ದರೆ ಬೈದಂತಾದರೂ ಆಗುತ್ತಿತ್ತು.

ಅಣ್ಣ ಈಗಲೂ ತನ್ನ ಗದ್ದೆಯ ಮಣ್ಣು ತೆಗೆಸುತ್ತಲೇ ಇದ್ದಾನೆ. ಯಾರಾದರೂ ಬಂದರೆ ನನ್ನನ್ನು ತೋರಿಸಿ, ದೇಶ ಉಳಿಸಿದವನು ಎನ್ನುತ್ತಾನೆ. ನಾನು ಬೇಡವೆಂದಿಲ್ಲ. ಅವನು ಪುಸ್ತಕ ಓದುವವನಲ್ಲ. ಅದನ್ನು ಖಚಿತ ಮಾಡಿಕೊಂಡೇ ಇಷ್ಟು ಬರೆದಿದ್ದೇನೆ.